ಸಹಾಯ ಎಂದರೆ ಎಳೆಯುವುದಲ್ಲ



ಒಮ್ಮೆ ಬೇಸಿಗೆಯ ಆರಂಭದಲ್ಲಿ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ್ದ ಹಾವಿನ ಪೊರೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ಶಾಲೆಯ ಹಿಂದಿನ ಕಲ್ಲುರಾಶಿಯಲ್ಲಿ ಸಿಕ್ಕಿತಂತೆ. ಪೊರೆ ಇಡಿಯಾಗಿರಲಿಲ್ಲ, ಮೂರು ತುಂಡಾಗಿತ್ತು. "ಮೇಡಂ, ಪೊರೆ ಅರ್ಧಕ್ಕೆ ಸಿಕ್ಕಿಕೊಂಡ ಹಾವು ಕಂಡರೆ ನಾವೇ ಮೆಲ್ಲಗೆ ಎಳೆದು ಬಿಡಿಸಬಹುದಾ? ಪಾಪ, ಅದಕ್ಕೆ ಕೈಯಿಲ್ಲವಲ್ಲ!" ಎಂದು ಕೇಳಿದ. ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಹಾವು ಕಂಡೊಡನೆ ಕೋಲು ಹುಡುಕುವವರ ನಡುವೆ 'ಪಾಪ' ಎಂದ ಹುಡುಗ ಅವನು. ಆದರೆ ಅವನು ಹೇಳಿದಂತೆ ಮಾಡಿದರೆ ಅವನಿಗೂ ಅಪಾಯ, ಹಾವಿಗೂ ಅಪಾಯ. ಹೇಗೆ ಎಂಬುದನ್ನು ನೋಡೋಣ.

ನಮ್ಮ ಚರ್ಮದ ಹೊರಪದರವೂ ಸವೆದು ಉದುರುತ್ತಲೇ ಇರುತ್ತದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರುವುದರಿಂದ ನಮಗೆ ತಿಳಿಯುವುದಿಲ್ಲ. ಹಾವು ಮಾತ್ರ ಇಡೀ ಹೊರಪದರವನ್ನು ಒಂದೇ ಸಲಕ್ಕೆ ಕಳಚುತ್ತದೆ. ಈ ಪದರದಲ್ಲಿರುವುದು ಕೆರಾಟಿನ್. ನಮ್ಮ ಉಗುರು, ಕೂದಲುಗಳಲ್ಲಿರುವುದೂ ಇದೇ ಬಗೆಯ ವಸ್ತು. ಹಾವು ಬೆಳೆದಂತೆ ಈ ಪದರ ಬೆಳೆಯದು. ಹಾಗಾಗಿ ಅದರ ಕೆಳಗೆ ಹೊಸ ಪದರವೊಂದು ಸಿದ್ಧವಾಗುತ್ತದೆ. ಹಳತು ಹೊಸತುಗಳ ನಡುವೆ ದ್ರವ ಸೇರಿಕೊಂಡು ಎರಡನ್ನೂ ಬೇರ್ಪಡಿಸುತ್ತದೆ. ಆಗ ಹಾವಿನ ಮೈ ಮಂಕಾಗುತ್ತದೆ, ಕಣ್ಣು ಹಾಲು ಬೆರೆಸಿದ ನೀಲಿ ಬಣ್ಣಕ್ಕೆ ತಿರುಗುತ್ತದೆ.

ಕಣ್ಣಿಗೇಕೆ ಹೀಗಾಗುತ್ತದೆ ಗೊತ್ತೇ? ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆಯಿಲ್ಲ. ಗಡಿಯಾರದ ಮುಳ್ಳುಗಳ ಮೇಲೆ ಗಾಜು ಇರುವಂತೆ ಅದರ ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇದೆ. ಅದರ ಹೊರಪದರವೂ ಪೊರೆಯ ಜೊತೆಗೇ ಕಳಚಬೇಕು. ಈ ದಿನಗಳಲ್ಲಿ ಹಾವಿಗೆ ಕಣ್ಣು ಸರಿಯಾಗಿ ಕಾಣದು. ಅದು ಎಲ್ಲಾದರೂ ಅಡಗಿರಲು ಬಯಸುತ್ತದೆ. ಮುಟ್ಟಿದರೆ ಬೇಗ ಗಾಬರಿಗೊಳ್ಳುತ್ತದೆ. ಮುಂದೆ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಕೆಲವು ದಿನಗಳಲ್ಲಿ ಹಾವು ಮೂತಿಯನ್ನು ಕಲ್ಲಿಗೋ ಬೇರಿಗೋ ಉಜ್ಜಿ ಪೊರೆಯನ್ನು ಬಿಡಿಸಿಕೊಂಡು ಮುಂದಕ್ಕೆ ಹರಿಯುತ್ತದೆ. ಬಿಗಿಯಾದ ಕಾಲುಚೀಲವನ್ನು ತೆಗೆಯುವಾಗ ಅದು ಒಳಮೈ ಹೊರಗಾಗುತ್ತದಲ್ಲ, ಪೊರೆಯೂ ಹಾಗೆಯೇ.

ಎಲ್ಲವೂ ಸರಿಯಿದ್ದರೆ ಇದಕ್ಕೆ ಯಾರ ನೆರವೂ ಬೇಡ. ತೊಂದರೆ ಹೆಚ್ಚಾಗಿ ಕಾಣುವುದು ಮನೆಯಲ್ಲಿ ಸಾಕಿದ ಹಾವುಗಳಲ್ಲಿ. ಅಮೆರಿಕ, ಬ್ರಿಟನ್‌ಗಳಲ್ಲಿ ಅನೇಕರು ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಎಂಬ ವಿಷವಿಲ್ಲದ ಹಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ಬಾಲ್ ಪೈಥಾನ್ ಆಫ್ರಿಕಾದ ಪಶ್ಚಿಮ ಮತ್ತು ಮಧ್ಯ ಭಾಗಗಳ ಹಾವು. ಚಳಿಗಾಲದಲ್ಲಿ ಮನೆ ಬೆಚ್ಚಗಿರಲೆಂದು ಹೀಟರ್ ಹಾಕಿದಾಗ ಗಾಳಿ ಒಣಗುತ್ತದೆ. ಒಣಗಾಳಿಯಲ್ಲಿ ಪೊರೆ ಮೈಗೆ ಅಂಟಿಕೊಂಡು ಚೂರು ಚೂರಾಗಿ ಹರಿಯುತ್ತದೆ. ಹಾವಿನ ಮೈಯಲ್ಲಿ ನೀರು ಕಡಿಮೆಯಾದರೂ, ಉಣ್ಣಿಯಂಥ ಹುಳುಗಳು ಹತ್ತಿದರೂ, ಹಳೆಯ ಗಾಯದ ಕಲೆಗಳಿದ್ದರೂ ಹೀಗಾಗಬಹುದು. ಬಾಲದ ತುದಿಯಲ್ಲಿ ಉಳಿದ ಪೊರೆ ಬಳೆಯಂತೆ ಬಿಗಿದು ರಕ್ತದ ಹರಿವನ್ನು ತಡೆಯುತ್ತದೆ. ಹಾಗೇ ಬಿಟ್ಟರೆ ಬಾಲದ ತುದಿ ಸತ್ತು ಉದುರಿಯೂ ಹೋಗಬಹುದು.

ಆಗ ಅನುಭವವುಳ್ಳ ಸಾಕಣೆದಾರರು ಏನು ಮಾಡುತ್ತಾರೆ? ಎಳೆಯುವುದಿಲ್ಲ, ತೇವ ಕೊಡುತ್ತಾರೆ. ಒದ್ದೆ ಪಾಚಿ ತುಂಬಿದ, ಬಾಗಿಲಿನಂತೆ ತೂತು ಮಾಡಿದ ಡಬ್ಬಿಯೊಂದನ್ನು ಪೆಟ್ಟಿಗೆಯೊಳಗೆ ಇಡುತ್ತಾರೆ. ಹಾವು ತಾನೇ ಅದರೊಳಗೆ ಹೋಗಿ ಮಲಗುತ್ತದೆ. ಅಷ್ಟಕ್ಕೂ ಬಿಡದಿದ್ದರೆ ತುಸುವೇ ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಅರ್ಧ ಗಂಟೆಯೊಳಗೆ ನೆನೆಸಿ, ಒದ್ದೆ ಟವೆಲ್ಲಿನ ನಡುವೆ ಹರಿಯಲು ಬಿಡುತ್ತಾರೆ. ನೀರಿನಲ್ಲಿರುವಷ್ಟು ಹೊತ್ತೂ ಹಾವಿನ ಬಳಿಯೇ ಇರುತ್ತಾರೆ. ಹಾವು ಮುಂದೆ ಸರಿಯುತ್ತದೆ, ಟವೆಲ್ ಉಜ್ಜುತ್ತದೆ, ಪೊರೆ ಹಿಂದೆ ಉಳಿಯುತ್ತದೆ. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಮಾತ್ರ ಅವರೂ ಕೀಳಲು ಹೋಗುವುದಿಲ್ಲ. ಪಶುವೈದ್ಯರ ಬಳಿ ಒಯ್ಯುತ್ತಾರೆ. ಕಿತ್ತರೆ ಕೆಳಗಿನ ಹೊಸ ಹುರುಪೆಯೂ ಹರಿದು ಕಣ್ಣೇ ಹೋಗಬಹುದು.

ಹೊಸ ಸ್ಟೀಲ್ ಡಬ್ಬಿಗೆ ಅಂಟಿಸಿದ ಚೀಟಿಯನ್ನು ನೆನಪಿಸಿಕೊಳ್ಳಿ. ಒಣಗಿದ್ದಾಗ ಕಿತ್ತರೆ ಹರಿಯುತ್ತದೆ. ನೀರಿನಲ್ಲಿ ನೆನೆಸಿಟ್ಟರೆ ಸಲೀಸಾಗಿ ಬರುತ್ತದೆ. ಮೊಣಕಾಲಿನ ಗಾಯದ ಹಕ್ಕಳೆಯನ್ನು ಅವಸರದಿಂದ ಕಿತ್ತು ರಕ್ತ ಬರಿಸಿಕೊಂಡವರು ನಿಮ್ಮಲ್ಲಿ ಯಾರಿಲ್ಲ?

ಹಾಗಾದರೆ ಕಲ್ಲುರಾಶಿಯ ಹಾವಿಗೂ ನೀರು ಚಿಮುಕಿಸೋಣವೇ? ಬೇಡ. ಪೆಟ್ಟಿಗೆಯ ಹಾವಿಗೆ ಒಡೆಯ ಕೊಟ್ಟಷ್ಟೇ ನೀರು, ಇಟ್ಟಷ್ಟೇ ಕಲ್ಲು. ಆದ್ದರಿಂದ ಅದರ ಕಷ್ಟಕ್ಕೆ ಒಡೆಯನೇ ಹೊಣೆ. ಬಯಲಿನ ಹಾವಿಗೆ ಹುತ್ತದ ತಂಪಿದೆ, ಬಂಡೆಯ ಸಂದಿದೆ, ಕೆರೆಯ ದಂಡೆಯಿದೆ. ತನಗೆ ಬೇಕಾದ ತೇವವನ್ನು ಅದೇ ಹುಡುಕಿಕೊಳ್ಳುತ್ತದೆ. ಅಲ್ಲಲ್ಲಿ ಉಳಿದ ಚೂರುಗಳು ಎಷ್ಟೋ ಸಲ ಮುಂದಿನ ಪೊರೆಯೊಂದಿಗೆ ಹೋಗುತ್ತವೆ. ಜೊತೆಗೆ, ಪೊರೆಯಿಂದ ಮಂಕಾದ ಹಾವು ಕೇರೆಯೋ ನಾಗರವೋ ಕೊಳಕುಮಂಡಲವೋ ಎಂದು ಗುರುತಿಸುವುದು ಕಷ್ಟ. ಕಣ್ಣು ಮಸುಕಾದ ಹಾವಿನ ಹತ್ತಿರ ಕೈ ಒಡ್ಡುವುದು ದಯೆಯಲ್ಲ, ದುಡುಕು. ನಮ್ಮ ನಾಡಿನ ಕಾಡುಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು. ಗಾಯಗೊಂಡ ಹಾವು ಕಂಡರೆ ದೂರ ನಿಂತು ದೊಡ್ಡವರಿಗೆ ಹೇಳಿ. ಅವರು ಅರಣ್ಯ ಇಲಾಖೆಗೆ ತಿಳಿಸಲಿ.

ಏನೂ ಮಾಡದೆ ಸುಮ್ಮನಿರುವುದು ಸಹಾಯವೇ ಎಂದು ನೀವು ಕೇಳಬಹುದು. ಸಹಾಯವೇ ಎನ್ನುತ್ತೇನೆ ನಾನು. ಆ ಪ್ರಾಣಿಗೆ ಏನು ಬೇಕೆಂದು ತಿಳಿದು ಅದನ್ನು ಒದಗಿಸುವುದು ಸಹಾಯ. ಪೆಟ್ಟಿಗೆಯ ಹಾವಿಗೆ ಬೇಕಾದ್ದು ತೇವ. ಬಯಲಿನ ಹಾವಿಗೆ ಬೇಕಾದ್ದು ಅದರ ಪಾಡಿಗೆ ಬಿಟ್ಟ ಜಾಗ. ಹೊಲದಂಚಿನ ಹುತ್ತವನ್ನು ಅಗೆಯದಿರಿ, ಬೇಲಿಯ ಪೊದೆಗೆ ಬೆಂಕಿ ಇಡದಿರಿ. ನಮಗೆ ಅನಿಸಿದ್ದನ್ನು ಮಾಡಿಬಿಡುವುದು ಸುಲಭ. ಕೈ ಕಟ್ಟಿ ನಿಂತು ಗಮನಿಸುವುದು ಕಷ್ಟ. ವಿಜ್ಞಾನ ನಮಗೆ ಮೊದಲು ಕಲಿಸುವುದು ಈ ಕಷ್ಟದ ಕೆಲಸವನ್ನೇ.

ಹಳೆಯ ಪೊರೆ ಸಿಕ್ಕರೆ ಸಂದಿಗೊಂದಿಗೆ ಕೈ ಹಾಕದೆ, ಶಿಕ್ಷಕರ ಜೊತೆ ನಿಂತು ಕಡ್ಡಿಯಿಂದ ಬಿಡಿಸಿ ನೋಡಿ. ಹಸಿ ಪೊರೆಯಾದರೆ ಹತ್ತಿರ ಹೋಗಬೇಡಿ, ಹಾವು ಅಲ್ಲೇ ಇರಬಹುದು. ಮೂತಿಯಿಂದ ಬಾಲದವರೆಗೆ ಇಡಿಯಾಗಿದೆಯೇ? ಕಣ್ಣಿನ ಎರಡು ಗಾಜುಗಳೂ ಇವೆಯೇ? ಇದ್ದರೆ ಆ ಹಾವು ಕ್ಷೇಮವಾಗಿ ಪೊರೆ ಬಿಟ್ಟಿದೆ ಎಂದುಕೊಳ್ಳಿ. ಉದ್ದ ಅಳೆದು ಬರೆದಿಡಿ. ಪೊರೆ ಹಿಗ್ಗಿರುವುದರಿಂದ ಹಾವು ಅದಕ್ಕಿಂತ ಗಿಡ್ಡ ಎಂಬುದನ್ನು ಮರೆಯಬೇಡಿ. ಕೊನೆಗೆ ಸೋಪಿನಿಂದ ಕೈ ತೊಳೆಯಿರಿ.

ಆ ಹುಡುಗ ತಂದ ಮೂರು ತುಂಡುಗಳನ್ನು ನಾವೆಲ್ಲ ಸೇರಿ ರಟ್ಟಿನ ಮೇಲೆ ಜೋಡಿಸಿದೆವು. ತಲೆಯ ಭಾಗದಲ್ಲಿ ಎರಡು ಕಣ್ಣಿನ ಗಾಜುಗಳೂ ಇದ್ದವು. ಅದನ್ನು ಕಂಡ ಅವನು, "ಹಾಗಾದರೆ ಅದಕ್ಕೆ ಈಗ ಚೆನ್ನಾಗಿ ಕಾಣ್ತಿರುತ್ತೆ, ಅಲ್ವಾ ಮೇಡಂ?" ಎಂದ. ಈ ಸಲ ಯಾರೂ ನಗಲಿಲ್ಲ.