ಒಂದು ಕಮೋಡಿಗೆ ಒಂದೇ ಟ್ರ್ಯಾಪ್

ಮಂಡಿನೋವು ಆರಂಭವಾದ ಮೇಲೆ, ಮನೆಯ ಹಳೆಯ ಇಂಡಿಯನ್ ಪ್ಯಾನನ್ನು ತೆಗೆಸಿ ಕಮೋಡ್ ಕೂರಿಸಲು ನಿಶ್ಚಯಿಸಿದೆವು. ಮೇಸ್ತ್ರಿಯವರು ಪ್ಯಾನಿನ ಕೆಳಗಿದ್ದ ಟ್ರ್ಯಾಪನ್ನು ಹಾಗೆಯೇ ಬಿಟ್ಟು, ಅದರ ಬಾಯಿಗೆ ಕಮೋಡನ್ನು ಜೋಡಿಸಿ ಸುತ್ತಲೂ ಸಿಮೆಂಟು ಮೆತ್ತಿದರು. "ನೆಲ ಅಗೆಯೋದ್ಯಾಕೆ ಮೇಷ್ಟ್ರೇ, ಒಂದು ದಿನದ ಕೂಲಿ ಉಳೀತು" ಎಂದರು. ನಾನೂ ಹೂಗುಟ್ಟಿದೆ. ಮೂವತ್ತು ವರ್ಷ ವಿಜ್ಞಾನ ಬೋಧಿಸಿದವನ ವಿವೇಕ ಅಂದು ಎಲ್ಲಿ ಹೋಗಿತ್ತೋ!

ಟ್ರ್ಯಾಪ್ ಎಂದರೆ ಕೊಳವೆಯ ಬಾಗು. ಅದರಲ್ಲಿ ನಿಂತ ನೀರು ಒಳಚರಂಡಿಯ ದುರ್ವಾಸನೆಯನ್ನು ತಡೆಯುತ್ತದೆ. (ಇಂತಹ ಬಾಗುಳ್ಳ ಶೌಚಪಾತ್ರೆಗೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಒಬ್ಬ ಗಡಿಯಾರ ತಯಾರಕ!) ಕಮೋಡಿನ ಪಿಂಗಾಣಿಯಲ್ಲಿಯೇ ಆ ಬಾಗು ಅಡಕವಾಗಿರುತ್ತದೆ. ಕೆಳಗೆ ಮತ್ತೊಂದಿದ್ದರೆ ಎರಡು ನೀರಿನ ತಡೆಗಳ ನಡುವೆ ಗಾಳಿ ಸೆರೆಯಾಗುತ್ತದೆ. ಫ್ಲಶ್ ಮಾಡಿದ ನೀರು ಮೇಲೇರಿ, ಗುಳುಗುಳು ಸದ್ದಿನೊಡನೆ ಮೆಲ್ಲನೆ ಇಳಿಯುತ್ತದೆ. ನಮ್ಮಲ್ಲಿ ಆದದ್ದೂ ಅದೇ.

ಆದುದರಿಂದ ಹಳೆಯ ಟ್ರ್ಯಾಪನ್ನು ತೆಗೆಯದೆ ಕಮೋಡ್ ಕೂರಿಸಲು ಯಾರೂ ಒಪ್ಪಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕಿಂಚಿನ ಕೊಳವೆಗೆ ರಬ್ಬರ್ ಉಂಗುರವುಳ್ಳ ಕನೆಕ್ಟರಿನಿಂದ ಜೋಡಿಸಿದರೆ ಮುಂದೆ ಬಿಚ್ಚಲೂ ಸುಲಭ. ಸಿಮೆಂಟು ಮೆತ್ತಿದ ನಮ್ಮ ಕಮೋಡ್ ಕೀಳುವಾಗ ಎರಡು ಹೋಳಾಯಿತು. ಅದರ ಬೆಲೆಯನ್ನು ನನ್ನ ಶ್ರೀಮತಿ ಇಂದಿಗೂ ಜ್ಞಾಪಿಸುತ್ತಿರುತ್ತಾಳೆ.