ಬಾಗಿಲು ಮಾಡಿದವನ ತಪ್ಪು

ನಮ್ಮ ತಂಗಿಯ ಮಗಳ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ನಮಗೆ ಬಹುಕಾಲ ಸಂಕಟದ ವಿಷಯವಾಗಿದ್ದಿತು. ವರನ ಕಡೆಯವರೊಬ್ಬರು ವಿಚಾರಿಸಿದಾಗ “ಕಂಪ್ಯೂಟರಿನ ಕೆಲಸ” ಎಂದು ಹೇಳಿ ಹೇಗೋ ಪಾರಾದೆವು. 2020ರ ಮಹಾಮಾರಿಯಲ್ಲಿ ಬೆಂಗಳೂರಿನ ಕಚೇರಿ ಮುಚ್ಚಿದಾಗ ಊರಿಗೆ ಬಂದವಳು ಮರಳಿ ಹೋಗಲಿಲ್ಲ. ಈಗ ಸಾಗರದಲ್ಲಿ, ನಮ್ಮ ಪಕ್ಕದ ಬೀದಿಯ ತಮ್ಮ ಮನೆಯ ಉಪ್ಪರಿಗೆಯಲ್ಲಿ ಕುಳಿತು, ಜರ್ಮನಿಯ ಒಂದು ಸಂಸ್ಥೆಗೆ ದುಡಿಯುತ್ತಿದ್ದಾಳೆ. ಚಳಿಗಾಲದಲ್ಲಿ ಬರ್ಲಿನ್ನಿನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಇಲ್ಲಿ ಮಧ್ಯಾಹ್ನ 1-30. ಊಟವಾದೊಡನೆ ಅವಳ ಕಚೇರಿ ತೆರೆಯುತ್ತದೆ. ಮನೆಮಂದಿ ಮಲಗುವ ಹೊತ್ತಿಗೆ ಮುಚ್ಚುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಅವಳ ಮುಖವನ್ನು ನೋಡಲಾಗದು.

ಈ ವೃತ್ತಿಗೆ ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್ ಎಂದು ಹೆಸರು. ಬಳಸುವವರ ಅನುಭವವನ್ನು ರೂಪಿಸುವ ವಿದ್ಯೆ ಎನ್ನಬಹುದು. ಇಂಜಿನಿಯರಿಂಗ್ ಓದಿ ಮನಶ್ಶಾಸ್ತ್ರಕ್ಕೆ ತಿರುಗಿದ ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ವಿದ್ವಾಂಸರು 1993ರಲ್ಲಿ ಆಪಲ್ ಸಂಸ್ಥೆಯನ್ನು ಸೇರಿದ ಮೇಲೆ ಈ ಹೆಸರು ಪ್ರಚಾರಕ್ಕೆ ಬಂದಿತು. ಅವರು 1988ರಲ್ಲಿ ಪ್ರಕಟಿಸಿದ ಗ್ರಂಥದ ವಾದವಿದು: ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿನ ಮುಂದೆ ತಬ್ಬಿಬ್ಬಾಗುವವನದು ತಪ್ಪಲ್ಲ, ಬಾಗಿಲು ಮಾಡಿದವನದು ತಪ್ಪು. ಅಂತಹ ಬಾಗಿಲುಗಳಿಗೆ ಈಗ ಪಾಪ, ಅವರ ಹೆಸರೇ ಅಂಟಿಕೊಂಡಿದೆ! ನಮ್ಮ ಹುಡುಗಿಯೂ ಮೊದಲು ಓದಿದ್ದು ಮನಶ್ಶಾಸ್ತ್ರವನ್ನೇ.

ಇದರ ಮರ್ಮ ನಮಗೆ ತಿಳಿದದ್ದು ಕಳೆದ ನವೆಂಬರಿನಲ್ಲಿ. ನಾವಿನ್ನೂ ಬದುಕಿರುವೆವೆಂಬ ಪ್ರಮಾಣಪತ್ರವನ್ನು ಪಿಂಚಣಿಗಾಗಿ ಮೊಬೈಲಿನಲ್ಲಿ ಸಲ್ಲಿಸಲು ಹೋಗಿ ಮೂರು ಸಲ ಸೋತೆವು. ಬುದ್ಧಿ ಮಂದವಾಯಿತೆಂದು ಹಲುಬುತ್ತಿರುವಾಗ ಅವಳು ಬಂದಳು. ಮೊಬೈಲನ್ನು ಕಸಿದುಕೊಳ್ಳಲಿಲ್ಲ. ನೋಟುಬುಕ್ಕು ಹಿಡಿದು ಪಕ್ಕದಲ್ಲಿ ಕುಳಿತಳು. “ಮಾವ, ನಾನು ಏನೂ ಹೇಳಿಕೊಡುವುದಿಲ್ಲ. ನೀವು ಮಾಡುತ್ತ ಹೋಗಿ, ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತಿರಿ” ಎಂದಳು.

ಅವಳ ನಿತ್ಯದ ಕೆಲಸವೂ ಇದೇ ಅಂತೆ. ನಾಲ್ಕೈದು ಜನ ಬಳಸುವುದನ್ನು ನೋಡಿದರೆ ದೊಡ್ಡ ದೋಷಗಳು ಬಹುಮಟ್ಟಿಗೆ ಹೊರಬೀಳುತ್ತವೆ. ತಿದ್ದಿ ಬರೆದು ಮತ್ತೆ ತೋರಿಸಬೇಕು. ಆದರೆ ದೂರದಿಂದ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ನಮ್ಮ ಹೆಬ್ಬೆರಳು ಒಂದು ಗುಂಡಿಯ ಮೇಲೆ ತಡವರಿಸಿ ಹಿಂದೆ ಸರಿದುದನ್ನು ಅವಳು ಎಷ್ಟು ಆಸೆಯಿಂದ ಗುರುತು ಹಾಕಿಕೊಂಡಳು!

ಒಂದು ಸಂಖ್ಯೆಯನ್ನು ಕೇಳಿದ್ದು ಒಂದು ಪುಟದಲ್ಲಿ. ಅದು ಯಾವ ಸಂಖ್ಯೆಯೆಂಬ ವಿವರಣೆ ಮೂರನೆಯ ಪುಟದಲ್ಲಿ. ನಮಗೆ ತರ್ಕಸಂಗ್ರಹದ ಪಾಠ ನೆನಪಾಯಿತು. ವಾಕ್ಯಾರ್ಥ ತಿಳಿಯಬೇಕಾದರೆ ಆಕಾಂಕ್ಷೆ, ಯೋಗ್ಯತೆಗಳೊಡನೆ ಸನ್ನಿಧಿಯೂ ಬೇಕು. “ಹಸುವನ್ನು” ಎಂದು ಈಗ ಹೇಳಿ “ತಾ” ಎಂಬುದನ್ನು ಗಳಿಗೆ ಬಿಟ್ಟು ಹೇಳಿದರೆ ಕೇಳುವವನು ಏನು ಮಾಡಿಯಾನು? ಇದನ್ನು ಹೇಳಿದಾಗ ಅವಳು ಆ ಮೂರು ಪದಗಳನ್ನೂ ಬರೆದುಕೊಂಡಳು.

ಆ ರಾತ್ರಿ ನಿದ್ರೆ ಬರಲಿಲ್ಲ. ಷಷ್ಠೀ ವಿಭಕ್ತಿಯಲ್ಲಿ ಪ್ರತಿಬಾರಿಯೂ ಎಡವುತ್ತಿದ್ದ ಹುಡುಗನೊಬ್ಬನನ್ನು ನಾವು ವರ್ಷವೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ್ದೆವು. ಏನೆಂದುಕೊಂಡು ಹೀಗೆ ಬರೆದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವನು ಹತ್ತನೆಯ ತರಗತಿಗೆ ಬರಲೇ ಇಲ್ಲ.

ಪ್ರಮಾಣಪತ್ರವನ್ನು ಕೊನೆಗೆ ಬ್ಯಾಂಕಿಗೇ ಹೋಗಿ ಕೊಟ್ಟುಬಂದೆವು. ಅವಳ ಪುಟದಲ್ಲಿ ಏಳು ದೋಷಗಳ ಪಟ್ಟಿಯಿದ್ದಿತು. ನಮ್ಮದೆಂದು ಬರೆದದ್ದು ಅದರಲ್ಲಿ ಒಂದೂ ಇರಲಿಲ್ಲ.