ನೊರೆಗೂ ಒಂದು ಫ್ರೇಮು!

ನಮ್ಮ ಆಫೀಸಿನ ರಿಸೆಪ್ಷನ್ನಿಗೆ ಹೊಸದೊಂದು ಪೇಂಟಿಂಗ್ ಬಂದಿದೆ. ಆರಡಿ ಅಗಲ ಇರಬಹುದು. ಮೇಲೆಲ್ಲ ಬೆಳ್ಳನೆ ಮೋಡದ ಹಾಗೆ ಬಳಿದ ಬಣ್ಣ, ನಡುವೆ ಅಡ್ಡಡ್ಡ ಎಳೆದ ಹಸಿರು-ನೀಲಿ ಪಟ್ಟೆಗಳು, ಕೆಳಗೆ ಬಲಮೂಲೆಯಲ್ಲಿ ಕಿತ್ತಳೆ ಬಣ್ಣದ ಒಂದು ಗೀರು. ಪಕ್ಕದಲ್ಲೊಂದು ಪುಟ್ಟ ಫಲಕ: "ಅಮೂರ್ತ ನಿಸರ್ಗಚಿತ್ರ. ಪ್ರೇರಣೆ: ಬೆಳ್ಳಂದೂರು ಕೆರೆ."

ಬಂದವರೆಲ್ಲ ಅದರ ಮುಂದೆ ಫೋಟೋ ತೆಗೆಸಿಕೊಂಡಿದ್ದೂ ಆಯ್ತು. "ಎಷ್ಟು ಪೀಸ್‌ಫುಲ್ ಆಗಿದೆ ಅಲ್ವಾ?" ಅಂದಳು ನಮ್ಮ ಟೀಮಿನ ಹುಡುಗಿ.

ತಮಾಷೆ ಏನು ಗೊತ್ತಾ? ಆ ಪೇಂಟಿಂಗಿನಿಂದ ಇಪ್ಪತ್ತು ಹೆಜ್ಜೆ ನಡೆದರೆ ಒಂದು ದೊಡ್ಡ ಗಾಜಿನ ಕಿಟಕಿ. ಅದರಾಚೆ ಇರೋದು ಸಾಕ್ಷಾತ್ ಬೆಳ್ಳಂದೂರು ಕೆರೆಯೇ! ನಾನು ಕೆಲಸಕ್ಕೆ ಸೇರಿದಾಗಿನಿಂದ ಆ ಕಿಟಕಿಯ ಪರದೆ ಎತ್ತಿದ್ದನ್ನು ಒಂದು ದಿನವೂ ನೋಡಿಲ್ಲ. ಕ್ಲೈಂಟ್ ಬರುವ ದಿನವಂತೂ ಎರಡೆರಡು ಸಲ ಚೆಕ್ ಮಾಡುತ್ತಾರೆ. ಅಂದರೆ ನಮಗೆ ಕೆರೆ ಬೇಡ, ಕೆರೆಯ ಪ್ರೇರಣೆ ಮಾತ್ರ ಸಾಕು :)

ಅಮೂರ್ತ ಕಲೆ ಅರ್ಥವಾಗದ ಇಂಜಿನಿಯರ್ ಒಬ್ಬ ಗೊಣಗ್ತಿದಾನೆ ಅಂದುಕೋಬೇಡಿ. ಕೆರೆ ಅಂದಮೇಲೆ ಕೊಕ್ಕರೆ, ತೆಪ್ಪ, ಬಿಂದಿಗೆ ಹೊತ್ತ ಹೆಂಗಸರು ಇರಲೇಬೇಕು ಅನ್ನೋ ವಾದ ನನ್ನದಲ್ಲ. ಕಲಾವಿದ ರಾಮ್ ಕುಮಾರ್ ಮೊದಮೊದಲು ಮನುಷ್ಯರನ್ನೇ ಬಿಡಿಸುತ್ತಿದ್ದವರು. 1960ರ ಸುಮಾರಿಗೆ ಕಾಶಿಗೆ ಹೋಗಿಬಂದ ಮೇಲೆ ನಿಧಾನಕ್ಕೆ ಅವರ ಚಿತ್ರಗಳಿಂದ ಮನುಷ್ಯರು ಮಾಯವಾದರು. ಉಳಿದದ್ದು ಒಂದರ ಮೇಲೊಂದು ಒತ್ತರಿಸಿದ ಮನೆಗಳು, ಬೂದು ಬಣ್ಣ, ಮಸಿ ಬಣ್ಣ. ಮನುಷ್ಯರನ್ನು ತೆಗೆದರೂ ಅಲ್ಲಿನ ದುಃಖವನ್ನು ಅವರು ತೆಗೆಯಲಿಲ್ಲ. ಅದು ಅಮೂರ್ತ. ಏನನ್ನು ಬಿಡಬೇಕು, ಏನನ್ನು ಬಿಡಬಾರದು ಅನ್ನೋದರಲ್ಲೇ ಇರೋದು ಎಲ್ಲ.

ನಮ್ಮ ರಿಸೆಪ್ಷನ್ನಿನ ಗೋಡೆಯಲ್ಲಿ ಬಿಟ್ಟುಹೋಗಿರೋದು ಏನು? ವಾಸನೆ, ಪೈಪು, ಮತ್ತು ನಾವು.

ಆ ಬಿಳಿ ಮೋಡ ಇದೆಯಲ್ಲ, ಅದು ಮೋಡ ಅಲ್ಲ ಸ್ವಾಮಿ, ನೊರೆ! ಸುಮಾರು 900 ಎಕರೆಯ ಕೆರೆ ಅದು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯೆಲ್ಲ ರಾಜಕಾಲುವೆ ಹಿಡಿದು ಅಲ್ಲಿಗೇ ಬಂದಿದ್ದು. ಶುದ್ಧೀಕರಿಸದ ಆ ನೀರಿನಲ್ಲಿ ನಮ್ಮ ವಾಷಿಂಗ್ ಮೆಷೀನಿನ ಡಿಟರ್ಜೆಂಟೂ ಇರುತ್ತೆ. ಆಮ್ಲಜನಕವಿಲ್ಲದ ನೀರಲ್ಲಿ ಅದು ಪೂರ್ತಿ ಕರಗಿ ಹೋಗದೆ ಹೂಳಿನಲ್ಲಿ ಕೂರುತ್ತೆ. ಮಳೆ ಬಂದು ಕಲಕಿದಾಗ ಮೇಲೆದ್ದು, ಕೋಡಿಯಲ್ಲಿ ಧುಮುಕುವಾಗ ನೊರೆಯಾಗುತ್ತೆ. ಗಾಳಿ ಬಂದರೆ ರಸ್ತೆಗೂ ಹಾರುತ್ತೆ. ಅಲ್ಲಿಂದ ವರ್ತೂರು ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ, ಆಮೇಲೆ ತಮಿಳುನಾಡು!

ಇನ್ನು ಆ ಕಿತ್ತಳೆ ಗೀರು. ಮೇ 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತ್ತು. ಫೆಬ್ರವರಿ 2017ರಲ್ಲಿ ಮತ್ತೆ. ಜನವರಿ 2018ರಲ್ಲಂತೂ ಬೆಂಕಿ ಆರಿಸೋಕೆ ಸೈನಿಕರು ಇಳಿಯಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ದಂಡ ಹಾಕಿತು. ನೀರಿಗೆ ಬೆಂಕಿ ಬಿದ್ದ ಕಥೆ ಅದು. ಚಿತ್ರ ಬರೆದವರಿಗೆ ಇದು ಗೊತ್ತಿತ್ತು ಅಂತ ನನ್ನ ಗುಮಾನಿ. ಗೊತ್ತಿಲ್ಲದೆ ಆ ಬಣ್ಣ ಆ ಜಾಗಕ್ಕೆ ಬರೋದಿಲ್ಲ. ಆದರೆ ಗೊತ್ತಿದ್ದೂ ಫಲಕದಲ್ಲಿ ಬರೀ "ಪ್ರೇರಣೆ" ಅಂತ ಬರೆಯೋಕೆ ಒಪ್ಪಿಕೊಂಡರಲ್ಲ, ಅಲ್ಲೇ ನನಗೆ ಜಗಳ. "ಸೂರ್ಯಾಸ್ತ ಸಕ್ಕತ್ತಾಗಿದೆ" ಅಂತಾರೆ ಎಲ್ಲರೂ.

ಗಲೀಜೂ ಚಂದ ಕಾಣುತ್ತೆ, ಒಪ್ಪುತ್ತೇನೆ. 1899ರಿಂದ 1901ರವರೆಗೆ ಮೋನೆ ಲಂಡನ್ನಿಗೆ ಮತ್ತೆ ಮತ್ತೆ ಹೋಗಿ ಥೇಮ್ಸ್ ನದಿಯನ್ನು ಬಿಡಿಸಿದ. ಅವನಿಗೆ ಇಷ್ಟವಾಗಿದ್ದೇ ಅಲ್ಲಿನ ಮಂಜು. ಆ ಮಂಜಿನಲ್ಲಿ ಅರ್ಧ ಕಲ್ಲಿದ್ದಲ ಹೊಗೆ! ಚಿತ್ರಗಳು ಇವತ್ತಿಗೂ ಅದ್ಭುತ. ಆದರೆ 1952ರ ಡಿಸೆಂಬರಿನಲ್ಲಿ ಅಂಥದೇ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು. ಅದಾದ ಮೇಲೆ 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ಹೊಗೆಯನ್ನು ಇಳಿಸಿದ್ದು ಚಿತ್ರವಲ್ಲ, ಕಾಯ್ದೆ.

ನನ್ನ ಗೆಳೆಯನೊಬ್ಬ ಇದಕ್ಕೆ ಹೇಳಿದ್ದು: "ಅಲ್ಲ ಮಾರಾಯಾ, ಚರಂಡಿ ಬಿಡಿಸಿ ಗೋಡೆಗೆ ಹಾಕಿದ್ರೆ ಯಾರು ನೋಡ್ತಾರೆ?" ಯಾಕೆ ನೋಡಲ್ಲ? 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ತಂದಿಟ್ಟಾಗ ಊರೆಲ್ಲ ನೋಡಿತು. ನೋಡಿದವರು ಮೊಸಳೆ ಜೊತೆ ಗುಂಡಿಯನ್ನೂ ನೋಡಿದರು. ನಮ್ಮ ಪೇಂಟಿಂಗ್ ನೋಡಿದವರು ಕೆರೆಯನ್ನು ನೋಡ್ತಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಕಸುಬಿನಲ್ಲೂ ಅಬ್‌ಸ್ಟ್ರ್ಯಾಕ್ಷನ್ ಅನ್ನೋದು ದೊಡ್ಡ ಮಾತು. ಒಳಗಿನ ರಗಳೆ ಮುಚ್ಚಿಟ್ಟು ಮೇಲೊಂದು ಬಟನ್ ಕೊಡೋದು. ಆದರೆ ಮುಚ್ಚಿಟ್ಟಿದ್ದು ಇಲ್ಲವಾಗೋದಿಲ್ಲ. ರಾತ್ರಿ ಎರಡಕ್ಕೆ ಸರ್ವರ್ ಮಲಗಿದಾಗ ಒಳಗಿಳಿದು ಲಾಗ್ ಓದಲೇಬೇಕು. ಯೋಚಿಸಿದರೆ ಫ್ಲಶ್‌ಗಿಂತ ದೊಡ್ಡ ಅಬ್‌ಸ್ಟ್ರ್ಯಾಕ್ಷನ್ ಇನ್ನೊಂದಿಲ್ಲ. ಒತ್ತಿದರೆ ಮುಗೀತು, ಎಲ್ಲಿಗೆ ಹೋಯ್ತು ಅಂತ ಕೇಳೋ ಹಾಗೇ ಇಲ್ಲ. ಅದರ ಎರರ್ ಲಾಗ್ ಬೆಳ್ಳಂದೂರಿನ ಕೋಡಿಯಲ್ಲಿ ಬಿಳೀ ಅಕ್ಷರದಲ್ಲಿ ಬಂದಿದ್ದು. ನಾವು ಅದಕ್ಕೆ ಫ್ರೇಮ್ ಹಾಕಿಸಿ ತೂಗುಹಾಕಿದ್ದೇವೆ!

ನಾನೇನು ಸಾಚಾ ಅಲ್ಲ. ಐದು ವರ್ಷದಿಂದ ಈ ಕಣಿವೆಯಲ್ಲೇ ಬಾಡಿಗೆಗಿದ್ದೇನೆ, ಭಾನುವಾರಕ್ಕೊಮ್ಮೆ ಬಟ್ಟೆ ಒಗೆಯುತ್ತೇನೆ. ಆ ನೊರೆಯಲ್ಲಿ ನನ್ನ ಅಂಗಿಯ ಸೋಪೂ ಇದೆ. ಕೆರೆಗೆ ಉಗುಳಿದರೆ ಬೆನ್ನಿಗೆ ಬಾರಿಸುತ್ತಿದ್ದ ಅಜ್ಜಿ ಇದನ್ನು ನೋಡಿದ್ದಿದ್ದರೆ ಏನನ್ನುತ್ತಿದ್ದಳೋ....

ಪೇಂಟಿಂಗ್ ಇಳಿಸಿ ಅಂತ ನಾನು ಹೇಳ್ತಿಲ್ಲ. ಅದು ಇರಲಿ. ಆದರೆ ಆ ಫಲಕದಲ್ಲಿ ಇನ್ನೂ ಎರಡು ಸಾಲು ಸೇರಿಸಿ: ಇದು ನೊರೆ, ಇದು ಬೆಂಕಿ. ಈ ಕಟ್ಟಡದಿಂದ ದಿನಕ್ಕೆ ಇಷ್ಟು ಲೀಟರ್ ಕೊಳಚೆ ಹೊರಡುತ್ತೆ, ಇಷ್ಟು ಶುದ್ಧವಾಗುತ್ತೆ, ಉಳಿದದ್ದು ಇಲ್ಲಿಗೆ ಹೋಗುತ್ತೆ. ಆಮೇಲೆ ಆ ಪರದೆ ಎತ್ತಿ. ಇಷ್ಟನ್ನೇ ಬರೆದು ಸಂಬಂಧಪಟ್ಟವರಿಗೆ ಮೇಲ್ ಹಾಕಿದೆ. "ನಿಮ್ಮ ಸಲಹೆಗೆ ಧನ್ಯವಾದ" ಅಂತ ಉತ್ತರ ಬಂತು. ಲೀಟರಿನ ಲೆಕ್ಕ ಬರಲಿಲ್ಲ.

ಶುಕ್ರವಾರ ಸಂಜೆ ನಾನೇ ಹೋಗಿ ಪರದೆ ಎತ್ತಿದೆ. ಸೋಮವಾರ ಬಂದು ನೋಡಿದರೆ ಇಳಿಸಿದ್ದರು. ಮತ್ತೆ ಎತ್ತಿದ್ದೇನೆ.

ನಿಮ್ಮ ಆಫೀಸಿನ ನೀರು ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಾ? ಒಮ್ಮೆ ಕೇಳಿ ನೋಡಿ. ಏನು ಉತ್ತರ ಬಂತು ಅಂತ ನೀವೂ ಬರೀರಿ.